ಅಟ್ಟದ ಹೆಂಚೂ ಬಾಸೆಲ್ ಪಟ್ಟಣವೂ

“ದೇಶ ಸುತ್ತು, ಕೋಶ ಓದು” ಎಂದು ನಮ್ಮ ಹಿರಿಯರು ಹೇಳಿರುವರು. ಮಾತು ದಿಟವಾದುದೇ. ಆದರೆ ಸುತ್ತುವ ದೇಶದಲ್ಲಿ ಒಂದು ಬಟ್ಟಲು ಕಾಫಿಗೆ ಎಷ್ಟು ಬೆಲೆಯಾಗುವುದೆಂಬುದನ್ನು ಅವರು ಹೇಳಿಹೋಗಲಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ನಾನು 2025ನೆಯ ಇಸವಿಯ ಅಕ್ಟೋಬರ್ ತಿಂಗಳ ಮೊದಲಲ್ಲಿ, ಒಂದು ಶನಿವಾರ ಹೊರಟು ಭಾನುವಾರ ಹಿಂದಿರುಗುವಂತೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣವನ್ನು ನೋಡಿಬಂದೆನು. ಎರಡು ದಿನಗಳ ಸುತ್ತಾಟದಲ್ಲಿ ಬರೆಯತಕ್ಕ ಸಂಗತಿಯೇನಿದ್ದೀತು ಎಂದು ವಾಚಕರಿಗೆ ತೋರಬಹುದು. ಹೊರಡುವಾಗ ನನಗೂ ಹಾಗೆಯೇ ತೋರಿದ್ದಿತು. ಆದರೆ ಹಲವು ತಿಂಗಳುಗಳಿಂದ ನನ್ನ ಎದೆಯಲ್ಲಿಯೇ ಕುಳಿತಿದ್ದ ಒಂದು ಮಾತನ್ನು ಆ ಊರಿನ ನದಿಯ ದಂಡೆಯಲ್ಲಿ ನಾನು ಆಡಿಬಿಟ್ಟೆನು. ಆದುದರಿಂದ ಇದನ್ನು ಬರೆದಿಡಬೇಕೆಂದು ಮನಸ್ಸಾಯಿತು.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದುಂಟು. ಕಣ್ಣು ಹಾಯಿಸಿದಷ್ಟು ದೂರವೂ ತೆಂಗು. ಕೆರೆಯ ಏರಿಯ ಕೆಳಗೂ ತೆಂಗು, ಏರಿಯ ಮೇಲಿನ ಕೆಮ್ಮಣ್ಣಿನ ಹೊಲದಲ್ಲೂ ತೆಂಗು. ಬೇರೆ ಕಡೆಗಳಲ್ಲಿ ಕಾಯನ್ನು ಒಡೆದು, ಹೋಳುಗಳನ್ನು ಬಿಸಿಲಿಗೆ ಹರಡಿ, ಎಣ್ಣೆಗೆ ಬೇಕಾದ ಕೊಬ್ಬರಿಯನ್ನು ಮಾಡುವರು. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ರೀತಿಯೇ ಬೇರೆ. ಬಲಿತ ಕಾಯನ್ನು ಮಟ್ಟೆಯ ಸಮೇತವಾಗಿ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳ ಕಾಲ ಹಾಗೆಯೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗುವುದು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಲೊಟಲೊಟ ಎನ್ನುವುದು. ಆ ಮೇಲೆ ಮಟ್ಟೆಯನ್ನು ಸುಲಿದು, ಉಂಡೆಗೆ ಪೆಟ್ಟಾಗದಂತೆ ಕರಟವನ್ನು ಮೆಲ್ಲನೆ ತಟ್ಟಿ ತೆಗೆಯಬೇಕು. ಅವಸರಪಡುವವರಿಗೆ ಉಂಡೆ ಕೊಬ್ಬರಿ ದಕ್ಕುವುದಿಲ್ಲವೆಂದು ನಮ್ಮ ಅಜ್ಜಿ ಆಗಾಗ ಹೇಳುವರು.

ನಮ್ಮ ಮನೆಯ ಅಟ್ಟದ ಮೇಲೆ ಮಂಗಳೂರು ಹೆಂಚಿನ ಮಾಡು ಇದೆ. ಎಲ್ಲಿಯೋ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ನಮ್ಮ ಮುತ್ತಜ್ಜನವರು ಆ ಹೆಂಚುಗಳನ್ನು ಅಗ್ಗಕ್ಕೆ ಕೊಂಡು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದರಂತೆ. ಹೆಂಚಿನ ಒಳಮೈಯಲ್ಲಿ, ಅಂದರೆ ಅಟ್ಟದಲ್ಲಿ ಮಲಗಿದವರ ಕಣ್ಣಿಗೆ ಕಾಣುವಂತೆ, ಇಂಗ್ಲಿಷ್ ಅಕ್ಷರಗಳನ್ನು ಅಚ್ಚೊತ್ತಿದ್ದಾರೆ. ನಾನು ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕಲಿತುದು ಶಾಲೆಯಲ್ಲಲ್ಲ, ಆ ಅಟ್ಟದಲ್ಲಿ. ತಂದೆಯವರು ಕಾಯಿಗಳನ್ನು ತಿರುವಿ ಹಾಕುತ್ತಿರುವಾಗ ನಾನು ರಾಶಿಯ ಮೇಲೆ ಅಂಗಾತ ಮಲಗಿ, ಗಾಜಿನ ಹೆಂಚಿನಿಂದ ಇಳಿಯುವ ಬೆಳಕಿನಲ್ಲಿ ಒಂದೊಂದೇ ಅಕ್ಷರವನ್ನು ಕೂಡಿಸಿ ಓದುತ್ತಿದ್ದೆನು: ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865’.

“ಬಾಸೆಲ್ ಎಂದರೆ ಏನಪ್ಪಾ?” ಎಂದು ಕೇಳಿದೆನು.

“ಹೆಂಚು ಮಾಡುವವರ ಊರು ಇರಬೇಕು, ಮಗಾ” ಎಂದರು ತಂದೆಯವರು.

ಆ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಆದರೆ ಅಂದಿನಿಂದ ಆ ಊರಿನ ಹೆಸರು ನಮ್ಮ ಮನೆಯಲ್ಲಿ ನೆಂಟರ ಊರಿನ ಹೆಸರಿನಂತೆ ಉಳಿದುಬಿಟ್ಟಿತು.

ಈಗ ಎದೆಯಲ್ಲಿದ್ದ ಮಾತಿನ ಸಂಗತಿಯನ್ನು ಹೇಳಬೇಕು. ನೀರಿನ ವಿಷಯವಾದ ಇಂಜಿನಿಯರಿಂಗ್ ಶಿಕ್ಷಣಕ್ಕಾಗಿ ನಾನು 2024ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣಕ್ಕೆ ಬಂದೆನು. ಅಲ್ಲಿಗೆ ಬರುವ ನಮ್ಮಂಥ ವಿದ್ಯಾರ್ಥಿಗಳು ಒಂದು ವರ್ಷದ ಊಟವಸತಿಗಳ ಖರ್ಚನ್ನು ಮುಂಗಡವಾಗಿಯೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ಆ ವರ್ಷ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ ಆಯಿತು; ನಮ್ಮ ಹಣದಲ್ಲಿ ಹನ್ನೊಂದು ಲಕ್ಷದಷ್ಟು. ಇದಲ್ಲದೆ ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದವರು ಆ ಪ್ರಾಂತದಲ್ಲಿ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವನ್ನೂ ಕಟ್ಟಬೇಕು. ಹೆಚ್ಚಿನ ಭಾಗಕ್ಕೆ ಸಾಲವನ್ನು ಮಾಡಿದೆವು. ಉಳಿದುದಕ್ಕೆ ತಂದೆಯವರು ಹಿಂದಿನ ವರ್ಷವೇ, ಎಂದರೆ 2023ರಲ್ಲಿ, ಅಟ್ಟವನ್ನು ಬರಿದು ಮಾಡಿ ಮೂವತ್ತು ಕ್ವಿಂಟಲ್ ಕೊಬ್ಬರಿಯನ್ನು ತಿಪಟೂರಿನ ಪೇಟೆಗೆ ಒಯ್ದಿದ್ದರು.

ಆ ವರ್ಷ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆಯಲ್ಲಿ ನಡೆಯುತ್ತಿದ್ದ ಬೆಲೆಯಾದರೋ ಎಂಟು ಸಾವಿರದ ಆಸುಪಾಸು. ಸರ್ಕಾರದ ಖರೀದಿಯ ಸರದಿಯನ್ನು ಕಾಯುವಷ್ಟು ವ್ಯವಧಾನ ನಮಗಿರಲಿಲ್ಲ. ಭಾಷೆಯ ಪರೀಕ್ಷೆ, ಅರ್ಜಿಗಳು, ಸಾಲಕ್ಕೆ ತೋರಿಸಬೇಕಾದ ಹಣ ಎಲ್ಲವೂ ಒಮ್ಮೆಗೇ ಬಂದುವು. ತಂದೆಯವರು ಎಂಟು ಸಾವಿರದಂತೆ ಮಾರಿ 2,40,000 ರೂಪಾಯಿಗಳನ್ನು ತಂದು ನನ್ನ ಮುಂದಿಟ್ಟರು. ಎರಡು ವರ್ಷ ಕಳೆಯಲಿಲ್ಲ. ಬಿಸಿಲಿನಿಂದಲೂ ರೋಗದಿಂದಲೂ ಫಸಲು ಕುಗ್ಗಿ, 2025ರ ನಡುವಿನಲ್ಲಿ ಅದೇ ಕೊಬ್ಬರಿಯ ಬೆಲೆ ಕ್ವಿಂಟಲಿಗೆ 25,000 ರೂಪಾಯಿಗಳನ್ನು ದಾಟಿತು. ಗುಣಾಕಾರ ಬಲ್ಲ ಯಾರಿಗಾದರೂ ಲೆಕ್ಕ ಗೊತ್ತಾಗುವುದು. ಐದು ಲಕ್ಷಕ್ಕೂ ಮಿಗಿಲಾದ ಹಣ ನನ್ನ ಅವಸರದಲ್ಲಿ ಹೋಯಿತು. ತಂದೆಯವರು ಈ ವಿಷಯವನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಭಾನುವಾರವೂ ಮಳೆ, ಬೆಳೆ, ಅಜ್ಜಿಯ ಮಂಡಿನೋವು ಇವನ್ನೇ ಮಾತನಾಡಿಕೊಂಡೆವು.

ಆದರೆ ನನ್ನ ಕೈಯಲ್ಲಿ ಒಂದು ಚಿಕ್ಕ ಲೆಕ್ಕದ ಪುಸ್ತಕವಿದ್ದಿತು. ಅದರಲ್ಲಿ ಎರಡು ಕಾಲಮುಗಳು. ಎಡಗಡೆ ಯೂರೋ, ಬಲಗಡೆ ಗಿಟುಕು. ನಾವು ಮಾರಿದ ಬೆಲೆಯಲ್ಲಿ ಕಿಲೋಗೆ 80 ರೂಪಾಯಿ. ನಮ್ಮ ಮನೆಯ ಗಿಟುಕು ಕಿಲೋಗೆ ಸುಮಾರು ಎಂಟು ತೂಗುವುದು. ಎಂದರೆ ಒಂದು ಗಿಟುಕಿಗೆ ಹತ್ತು ರೂಪಾಯಿ. ಒಂದು ಜೊತೆ ಚಳಿಗಾಲದ ಬೂಟಿಗೆ ಎಷ್ಟು ಗಿಟುಕು, ಒಂದು ಸಿನಿಮಾಕ್ಕೆ ಎಷ್ಟು ಗಿಟುಕು ಎಂದು ಬರೆದು ನೋಡಿ, ಬೂಟನ್ನು ಕೊಂಡೆನು, ಸಿನಿಮಾವನ್ನು ಬಿಟ್ಟೆನು. ಜೊತೆಯ ವಿದ್ಯಾರ್ಥಿಗಳು ವಾರದ ಕೊನೆ ಬಂದರೆ ಪ್ಯಾರಿಸ್, ಪ್ರಾಗ್ ಎಂದು ಹಾರುತ್ತಿದ್ದರು. ನಾನು ಒಂದು ವರ್ಷವೂ ಎಲ್ಲಿಗೂ ಹೋಗಲಿಲ್ಲ. ಕೊನೆಗೆ ಬಾಸೆಲಿಗೆ ಹೊರಟುದಕ್ಕೂ ಲೆಕ್ಕವೇ ಕಾರಣ. ಜರ್ಮನಿಯ ಸಾಧಾರಣ ರೈಲುಗಳಲ್ಲೆಲ್ಲ ಓಡಾಡಬಹುದಾದ ತಿಂಗಳ ಟಿಕೆಟ್ಟು ನನ್ನಲ್ಲಿದ್ದಿತು. ಆ ಟಿಕೆಟ್ಟು ಬಾಸೆಲಿನಲ್ಲಿರುವ ಜರ್ಮನಿಯವರ ನಿಲ್ದಾಣದವರೆಗೂ ನಡೆಯುವುದೆಂದು ತಿಳಿಯಿತು. ನೆಂಟರ ಊರು ಇಷ್ಟು ಹತ್ತಿರದಲ್ಲಿದ್ದೂ ನೋಡದಿರುವುದು ತರವಲ್ಲವೆಂದುಕೊಂಡೆನು.

ಶನಿವಾರ ಮುಂಜಾನೆ ಚಪಾತಿಗಳನ್ನೂ ಅಜ್ಜಿ ಕಳುಹಿಸಿದ್ದ ಕೊಬ್ಬರಿ ಚಟ್ನಿಪುಡಿಯನ್ನೂ ಕಟ್ಟಿಕೊಂಡು ರೈಲನ್ನು ಹತ್ತಿದೆನು. ಪ್ರಯಾಣ ಸುಮಾರು ಮೂರು ಗಂಟೆ. ಎಡಕ್ಕೆ ಕಪ್ಪು ಕಾಡೆಂದು ಹೆಸರಾದ ಬೆಟ್ಟಸಾಲು, ಬಲಕ್ಕೆ ರೈನ್ ನದಿಯ ಬಯಲು, ನಡುವೆ ದ್ರಾಕ್ಷಿಯ ತೋಟಗಳು. ಎಲೆಗಳು ಹಳದಿಗೆ ತಿರುಗುತ್ತಿದ್ದುವು. ಆಫೆನ್‌ಬುರ್ಗ್, ಫ್ರೈಬುರ್ಗ್ ದಾಟಿ ಹತ್ತು ಗಂಟೆಯ ವೇಳೆಗೆ ಬಾಸೆಲಿನಲ್ಲಿ ಇಳಿದೆನು. ಈ ನಿಲ್ದಾಣವೇ ಒಂದು ವಿಚಿತ್ರ: ನೆಲ ಸ್ವಿಟ್ಜರ್ಲೆಂಡಿನದು, ನಿಲ್ದಾಣ ಜರ್ಮನಿಯದು. ಒಂದು ಓಣಿಯನ್ನು ನಡೆದು ಹೊರಕ್ಕೆ ಬಂದರೆ ನಾಣ್ಯ ಬೇರೆ, ಬೆಲೆ ಬೇರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಈ ಮೂರು ದೇಶಗಳೂ ರೈನ್ ನದಿಯಲ್ಲಿ ಕೂಡುವುವು.

ರಾತ್ರಿ ತಂಗಲು ನಾನು ಗೊತ್ತುಮಾಡಿಕೊಂಡಿದ್ದುದು ಎಂಟು ಮಂದಿ ಒಂದೇ ಕೋಣೆಯಲ್ಲಿ ಮಲಗುವ ವಿದ್ಯಾರ್ಥಿಗಳ ಬಿಡಾರ. ಬಾಡಿಗೆ 45 ಫ್ರಾಂಕು. ಪುಸ್ತಕವನ್ನು ತೆಗೆದು ಬರೆದೆನು: ಸುಮಾರು ಐನೂರು ಗಿಟುಕು, ಐದಾರು ಮರಗಳ ಒಂದು ವರ್ಷದ ಫಲ. ಆ ಊರಿನಲ್ಲಿ ರಾತ್ರಿ ತಂಗುವವರಿಗೆ ಟ್ರಾಮುಗಳಲ್ಲಿ ಪುಕ್ಕಟೆಯಾಗಿ ಓಡಾಡುವ ಚೀಟಿಯನ್ನು ಕೊಡುವರೆಂದು ತಿಳಿದಾಗ ಮನಸ್ಸಿಗೆ ತುಸು ಸಮಾಧಾನವಾಯಿತು.

ಬಾಸೆಲ್ ಚೊಕ್ಕಟವಾದ ಹಳೆಯ ಊರು. ಅಲ್ಲಿಯ ವಿಶ್ವವಿದ್ಯಾನಿಲಯ 1460ರಲ್ಲಿ ಸ್ಥಾಪಿತವಾದುದು. ಪೇಟೆಯ ಚೌಕದಲ್ಲಿರುವ ಕೆಂಪು ಬಣ್ಣದ ನಗರಸಭೆಯ ಕಟ್ಟಡವನ್ನು ನೋಡಿ, ಇಕ್ಕಟ್ಟಾದ ಏರುದಾರಿಯಲ್ಲಿ ನಡೆದು, ಮುನ್‌ಸ್ಟರ್ ಎಂದು ಕರೆಯುವ ದೊಡ್ಡ ಇಗರ್ಜಿಯ ಮುಂದೆ ಬಂದೆನು. ಕೆಂಪು ಮರಳುಕಲ್ಲಿನ ಕಟ್ಟಡ. ಎರಡು ಚೂಪು ಗೋಪುರಗಳು. ಯೂರೋಪಿನ ಮಹಾಪಂಡಿತನಾದ ಎರಾಸ್ಮಸನು 1536ರಲ್ಲಿ ಇದೇ ಊರಿನಲ್ಲಿ ತೀರಿಕೊಂಡು ಈ ಇಗರ್ಜಿಯಲ್ಲಿಯೇ ಸಮಾಧಿಯಾಗಿದ್ದಾನೆ. ಆದರೆ ನನ್ನ ಕಣ್ಣು ನೆಟ್ಟುದು ಮಾಡಿನ ಮೇಲೆ. ಹಸುರು, ಹಳದಿ, ಕೆಂಪು ಬಣ್ಣದ ಹೊಳಪಿನ ಹೆಂಚುಗಳನ್ನು ರಂಗೋಲಿಯ ಚೌಕುಳಿಯಂತೆ ಜೋಡಿಸಿದ್ದಾರೆ. ತಂದೆಯವರ ಮಾತು ನೆನಪಾಗಿ ನಗು ಬಂದಿತು. ಹೆಂಚು ಮಾಡುವವರ ಊರೋ ಅಲ್ಲವೋ, ಹೆಂಚಿನ ರುಚಿ ಬಲ್ಲವರ ಊರಂತೂ ಹೌದು.

ಊಟವಾದ ಮೇಲೆ—ಊಟವೆಂದರೆ ನದಿಯ ಕಡೆಗಿನ ಕಟ್ಟೆಯ ಮೇಲೆ ಕುಳಿತು ತಿಂದ ಚಪಾತಿ—ನಾನು ಮುಖ್ಯವಾಗಿ ನೋಡಬೇಕೆಂದಿದ್ದ ಮಿಶನ್ನಿನ ಮನೆಯನ್ನು ಹುಡುಕಿಕೊಂಡು ಟ್ರಾಮಿನಲ್ಲಿ ಹೋದೆನು. ಬೀದಿಯ ಹೆಸರೇ ಮಿಶನ್ ಬೀದಿ. ಮನೆಯ ಸಂಖ್ಯೆ 21. ವಿಶಾಲವಾದ ತೋಟದ ನಡುವೆ ಸಾಲು ಕಿಟಕಿಗಳ ದೊಡ್ಡ ಕಟ್ಟಡ. ಈಗ ಅದರ ಒಂದು ಭಾಗದಲ್ಲಿ ಪ್ರಯಾಣಿಕರಿಗೆ ಕೋಣೆಗಳಿವೆ. 2001ರಿಂದ ಮಿಶನ್ 21 ಎಂದು ಹೆಸರಾದ ಸಂಸ್ಥೆಯ ಕಛೇರಿಯೂ, ಹಳೆಯ ಕಾಗದಪತ್ರಗಳ ಭಂಡಾರವೂ ಇವೆ. ಒಳಗೆ ಹೋಗಿ, ಮಂಗಳೂರಿನ ಹೆಂಚಿನ ಕಾರ್ಖಾನೆಯ ಕಾಗದಗಳನ್ನು ನೋಡಬಹುದೇ ಎಂದು ನನ್ನ ಹರಕು ಜರ್ಮನ್ ಭಾಷೆಯಲ್ಲಿ ಕೇಳಿದೆನು. ಮೇಜಿನ ಹಿಂದೆ ಕುಳಿತಿದ್ದ ಹೆಂಗಸು ಬಹು ವಿನಯದಿಂದ, ಭಂಡಾರವು ವಾರದ ದಿನಗಳಲ್ಲಿ ಮಾತ್ರ ತೆರೆದಿರುವುದೆಂದೂ, ಮೊದಲೇ ಬರೆದು ತಿಳಿಸಿ ಬರಬೇಕೆಂದೂ ಹೇಳಿದರು. ಶನಿವಾರ ಬಂದುದು ನನ್ನದೇ ತಪ್ಪು. ಐನೂರು ಗಿಟುಕನ್ನು ಬಾಡಿಗೆಗೆ ಸುರಿದು ಮುಚ್ಚಿದ ಬಾಗಿಲನ್ನು ನೋಡಲು ಬಂದ ಹಾಗಾಯಿತಲ್ಲ ಎಂದು ಮುಖ ಬಿಸಿಯಾಯಿತು. ನನ್ನ ಮುಖವನ್ನು ನೋಡಿ ಆಕೆ, ತೋಟದಲ್ಲಿ ಎಷ್ಟು ಹೊತ್ತಾದರೂ ಕುಳಿತುಕೊಳ್ಳಬಹುದೆಂದರು.

ತೋಟದ ಬೆಂಚಿನ ಮೇಲೆ ಕುಳಿತು ನಾನು ಓದಿ ತಿಳಿದಿದ್ದುದನ್ನೆಲ್ಲ ಮನಸ್ಸಿನಲ್ಲಿಯೇ ತಿರುವಿಹಾಕಿದೆನು. ಬಾಸೆಲ್ ಮಿಶನ್ ಹುಟ್ಟಿದುದು 1815ರಲ್ಲಿ. ಅದರ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಮತಪ್ರಚಾರದ ಉದ್ದೇಶದಿಂದ ಬಂದವರಾದರೂ ಅವರ ಕೈಯಿಂದ ಕನ್ನಡಕ್ಕೆ ಸಂದ ಸೇವೆ ಕಡಿಮೆಯಲ್ಲ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಈ ಮಿಶನ್ನಿನ ಹರ್ಮನ್ ಮ್ಯೋಗ್ಲಿಂಗರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟಿನ ಕರ್ತೃಗಳಾದ ಫರ್ಡಿನಾಂಡ್ ಕಿಟೆಲರೂ ಇದೇ ಮಿಶನ್ನಿನವರು. ಇನ್ನು ಹೆಂಚು: ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹೆಂಚನ್ನು ಬಾಸೆಲಿಗೆ ಸಮೀಪವಾದ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲಿ ರೂಢಿಗೆ ತಂದಿದ್ದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿಯು ನೇತ್ರಾವತಿಯ ತೀರದ ಜೇಡಿಮಣ್ಣಿನಿಂದ ಮಂಗಳೂರಿನಲ್ಲಿ ಹೆಂಚಿನ ಕೆಲಸವನ್ನು ಪ್ರಾರಂಭಿಸಿದನು. ನಮ್ಮ ಅಟ್ಟದ ಮೇಲಿರುವುದು ಕಾರ್ಖಾನೆ ಹುಟ್ಟಿದ ಆ ಇಸವಿ. ಮೊದಲನೆಯ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು.

ಇವೆಲ್ಲಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದುದು ಇನ್ನೊಬ್ಬರ ನೆನಪು. ಯೂರೋಪಿಗೆ ಓದಲು ಬಂದ ಕನ್ನಡ ನಾಡಿನ ವಿದ್ಯಾರ್ಥಿಗಳಲ್ಲಿ ಬಹು ಹಿಂದಿನವರೊಬ್ಬರು ಇದೇ ಊರಿನಲ್ಲಿ ಓದಿದರು. ಅವರು ಮಂಗಳೂರಿನ ಆನಂದರಾವ್ ಕೌಂಡಿನ್ಯರು. 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, 1846ರಲ್ಲಿ ಮ್ಯೋಗ್ಲಿಂಗರ ಜೊತೆಯಲ್ಲಿ ಬಾಸೆಲಿಗೆ ಬಂದರು. ಮಿಶನ್ನಿನ ವಿದ್ಯಾಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆಯನ್ನು ಪಡೆದು ಊರಿಗೆ ಹಿಂದಿರುಗಿದರು. ಬಾಸೆಲಿಗೆ ಬಂದಾಗ ಅವರಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷವಾಗಿದ್ದಿರಬೇಕು. ಹೆಚ್ಚು ಕಡಿಮೆ ನನ್ನ ವಯಸ್ಸೇ. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅವರ ಕಾಲಕ್ಕೆ ಕಾಗದವೊಂದು ಊರನ್ನು ಮುಟ್ಟಿ ಉತ್ತರ ಬರಬೇಕಾದರೆ ತಿಂಗಳುಗಳೇ ಕಳೆಯುತ್ತಿದ್ದುವು. ಅವರು ಇನ್ನೂ ಇಲ್ಲಿದ್ದಾಗಲೇ, 1850ರಲ್ಲಿ, ಕಿಟೆಲರು ಅದೇ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ನಾನು ಕಟ್ಟಡದ ಕಿಟಕಿಗಳನ್ನು ಎಣಿಸುತ್ತ, ಯಾವ ಕಿಟಕಿ ಅವರದಿದ್ದೀತೆಂದು ಊಹಿಸುತ್ತಿದ್ದೆನು. ಆಗ ಗೋಡೆಯ ಮೇಲಿದ್ದ ಇಸವಿ ನೆನಪಿಗೆ ಬಂದಿತು. ಈ ಮನೆಯನ್ನು ಕಟ್ಟಿದುದು 1860ರಲ್ಲಿ. ಕೌಂಡಿನ್ಯರು ಇರುವಾಗ ಈ ಕಿಟಕಿಗಳೇ ಇರಲಿಲ್ಲ! ಭಂಡಾರವೂ ಇಲ್ಲ, ಕಿಟಕಿಯೂ ಇಲ್ಲ. ಆದರೂ ಅವರು ಕಂಡ ಒಂದು ವಸ್ತು ಈ ಊರಿನಲ್ಲಿ ಇಂದಿಗೂ ಹಾಗೆಯೇ ಇರಬೇಕಲ್ಲವೇ ಎಂದುಕೊಂಡು ನದಿಯ ಕಡೆಗೆ ಹೊರಟೆನು.

ಸಂಜೆ ರೈನ್ ನದಿಯ ದಂಡೆಯಲ್ಲಿ ಜನವೋ ಜನ. ಮೆಟ್ಟಿಲುಗಳ ಮೇಲೆ ಗಂಡಹೆಂಡಿರು, ಮಕ್ಕಳು, ನಾಯಿಗಳು. ಪಕ್ಕದ ಅಂಗಡಿಯಿಂದ ಕಾಫಿಯ ಕಂಪು ಬರುತ್ತಿದ್ದಿತು. ಹಲಗೆಯ ಮೇಲೆ ಬರೆದಿದ್ದ ಬೆಲೆ ಐದು ಫ್ರಾಂಕು. ಫ್ರಾಂಕಿಗೆ ನೂರಹತ್ತು ರೂಪಾಯಿಯಂತೆ 550 ರೂಪಾಯಿ, 55 ಗಿಟುಕು. ಐವತ್ತೈದು ಗಿಟುಕುಗಳನ್ನು ಒಂದು ಚೀಲದಲ್ಲಿ ಹಾಕಿದರೆ ಎಷ್ಟು ಭಾರವೆಂದು ನನ್ನ ತೋಳು ಬಲ್ಲುದು. ಚಳಿಗಾಳಿ ಬೀಸುತ್ತಿದ್ದರೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಎದ್ದುಬಂದೆನು. ರಾತ್ರಿ ಬಿಡಾರದ ಮಂಚದ ಮೇಲೆ ಮಲಗಿದಾಗ ನಿದ್ರೆ ಬರಲಿಲ್ಲ. ಮೇಲೆ ನೋಡಿದರೆ ಬಿಳಿಯ ಗಾರೆ, ಓದಲು ಅಕ್ಷರವಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಎಂದರೆ ನಮ್ಮೂರಿನ ಮಧ್ಯಾಹ್ನ ಹನ್ನೆರಡಕ್ಕೆ, ಇಗರ್ಜಿಯ ಹಿಂದಿನ ಕಟ್ಟೆಯಲ್ಲಿ ನಿಂತು ಮನೆಗೆ ಫೋನು ಮಾಡಿದೆನು. ತಂದೆಯವರು ಆಗತಾನೇ ತೋಟದಿಂದ ಬಂದಿದ್ದರು. ನಾನು ಬಾಸೆಲಿನಲ್ಲಿರುವೆನೆಂದು ಹೇಳಿದೊಡನೆ ಅವರ ದನಿಯಲ್ಲಿ ಒಂದು ಹುಡುಗತನ ಬಂದಿತು.

“ನಮ್ಮ ಹೆಂಚಿನ ಊರಾ? ದಿಟವಾಗಿಯೂ ಅಂಥ ಊರು ಇದೆಯಾ?”

“ಇದೆ ಅಪ್ಪಾ. ಆದರೆ ಹೆಂಚನ್ನು ಮಾಡುತ್ತಿದ್ದುದು ಮಂಗಳೂರಿನಲ್ಲಿ. ಇದು ಮಾಡಿಸಿದವರ ಊರು.”

“ಹಾಗಾದರೆ ಅವತ್ತು ನಿನಗೆ ತಪ್ಪು ಹೇಳಿಬಿಟ್ಟೆ” ಎಂದು ನಕ್ಕರು.

ಆ ನಗುವನ್ನು ಕೇಳಿ ನನಗೆ ಏನಾಯಿತೋ ತಿಳಿಯದು. ಕೇಳಬಾರದೆಂದು ಕಾಯ್ದಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

“ಅಪ್ಪಾ, ಆ ಮೂವತ್ತು ಕ್ವಿಂಟಲನ್ನು ಮಾರದೆ ಇಟ್ಟಿದ್ದರೆ?”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೋಳಿಯೊಂದು ಕೂಗಿದುದು ಕೇಳಿಸಿತು.

“ಇಟ್ಟಿದ್ದರೆ ದುಡ್ಡು ಬರ್ತಿತ್ತು, ಮಗಾ. ಇಲ್ಲ ಅಂದರೆ ಸುಳ್ಳಾಗುತ್ತೆ. ಅವತ್ತು ಪೇಟೆಯಿಂದ ಬಂದವನು ರಾತ್ರಿ ಊಟ ಮಾಡಲಿಲ್ಲ. ನಿಮ್ಮಜ್ಜಿಗೆ ಹೊಟ್ಟೆ ಸರಿಯಿಲ್ಲ ಅಂತ ಹೇಳಿದೆ.”

ನಾನು ಸುಮ್ಮನಿದ್ದೆನು. ಅವರೇ ಮುಂದುವರಿಸಿದರು.

“ಕಾಯಿ ಇದ್ದಾಗ ಬೆಲೆ ಇರೋಲ್ಲ, ಬೆಲೆ ಬಂದಾಗ ಕಾಯಿ ಇರೋಲ್ಲ. ಇದು ನಮ್ಮಪ್ಪನ ಕಾಲದಿಂದಲೂ ನೋಡಿದ್ದೇ. ಅದಿರಲಿ, ಆ ಊರಲ್ಲಿ ಏನು ತಿಂದೆ? ಏನು ಕುಡಿದೆ? ಚಳಿ ಇರಬೇಕಲ್ಲ, ಬಿಸಿಬಿಸಿ ಕಾಫಿ ಕುಡಿದೆಯಾ?”

“ಇಲ್ಲಪ್ಪಾ.”

“ಯಾಕೆ?”

ಸುಳ್ಳು ಹೇಳಲಾಗಲಿಲ್ಲ. ಲೆಕ್ಕದ ಪುಸ್ತಕದ ಕಥೆಯನ್ನೂ, ಎರಡು ಕಾಲಮುಗಳನ್ನೂ, ಐವತ್ತೈದು ಗಿಟುಕನ್ನೂ ಹೇಳಿಬಿಟ್ಟೆನು. ನಗುವರೆಂದುಕೊಂಡಿದ್ದೆನು. ನಗಲಿಲ್ಲ. ನನ್ನ ನೆನಪಿನಲ್ಲಿ ಅವರು ನನ್ನ ಮೇಲೆ ಸಿಟ್ಟಾದುದು ಎರಡೋ ಮೂರೋ ಸಲ. ಅಂದು ಇನ್ನೊಂದು ಸಲ.

“ಸಮುದ್ರ ದಾಟಿ ಹೋಗಿ ಅಲ್ಲಿ ಗಿಟುಕು ಎಣಿಸ್ತಾ ಕೂತಿದ್ದೀಯಾ? ಎಣಿಸೋಕೆ ಇಲ್ಲಿ ನಾನಿದ್ದೀನಿ. ಬೆಲೆ ಬಿದ್ದಾಗ ಮಾರಿದ್ದು ನಷ್ಟ. ಅದು ನನಗೆ ಗೊತ್ತು, ತಡೆದುಕೊಂಡೆ. ಆದರೆ ನೀನು ಏನೂ ನೋಡದೆ, ಏನೂ ಕುಡಿಯದೆ, ಲೆಕ್ಕ ಬರೆದುಕೊಂಡು ವಾಪಸ್ಸು ಬಂದೆಯೋ, ಆಗ ಅದು ದಂಡ. ನಷ್ಟ ಬೇರೆ, ದಂಡ ಬೇರೆ. ತಿಳೀತಾ?”

“ತಿಳಿಯಿತು” ಎಂದೆನು. ಕಣ್ಣಿನಲ್ಲಿ ನೀರಿದ್ದುದು ಅವರಿಗೆ ಕಾಣುವಂತಿರಲಿಲ್ಲ, ಆದರೂ ಕಂಡಿರಬೇಕು. ಕೂಡಲೇ ದನಿಯನ್ನು ತಗ್ಗಿಸಿ, “ಅಟ್ಟಕ್ಕೆ ಹೊಸ ಕಾಯಿ ಏರಿಸಿದ್ದೀವಿ, ತಾಯಿ. ಹೋದ ವರ್ಷದಷ್ಟಿಲ್ಲ. ನೀನು ಬರೋ ಹೊತ್ತಿಗೆ ಒಣಗಿರುತ್ತೆ” ಎಂದರು. ಅಷ್ಟರಲ್ಲಿ ಅಜ್ಜಿ ಫೋನನ್ನು ಕಿತ್ತುಕೊಂಡು, ಆ ಊರಿನಲ್ಲಿ ಹೆಂಚು ಸೋರುವುದೋ ಇಲ್ಲವೋ ಕೇಳಿಕೊಂಡು ಬರಬೇಕೆಂದೂ, ನಮ್ಮದು ಮೂಲೆಯಲ್ಲಿ ಎರಡು ಕಡೆ ಸೋರುತ್ತಿದೆಯೆಂದೂ ಅಪ್ಪಣೆ ಮಾಡಿದರು.

ಕಟ್ಟೆಯಿಂದ ಕೆಳಗೆ ಇಳಿದರೆ ದೋಣಿಯ ಕಟ್ಟೆ. ಬಾಸೆಲಿನಲ್ಲಿ ನದಿಯನ್ನು ದಾಟಿಸುವ ಇಂತಹ ದೋಣಿಗಳು ನಾಲ್ಕಿವೆ. ಅವುಗಳಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ನದಿಯ ಮೇಲೆ ದಡದಿಂದ ದಡಕ್ಕೆ ಒಂದು ಉಕ್ಕಿನ ಹಗ್ಗವನ್ನು ಎಳೆದಿದ್ದಾರೆ. ದೋಣಿಯನ್ನು ಇನ್ನೊಂದು ಹಗ್ಗದಿಂದ ಅದಕ್ಕೆ ತಗುಲಿಸಿದ್ದಾರೆ. ಅಂಬಿಗನು ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸುವನು. ನೀರು ಅದನ್ನು ಕೊಚ್ಚಿಕೊಂಡು ಹೋಗಲು ನೂಕುವುದು, ಹಗ್ಗ ಬಿಡದು, ದೋಣಿ ಅಡ್ಡಲಾಗಿ ಜಾರಿ ಆಚೆಯ ದಡವನ್ನು ಮುಟ್ಟುವುದು. ನೀರಿನ ವಿದ್ಯೆಯನ್ನೇ ಓದುತ್ತಿರುವ ನನಗೆ ಇದರ ಲೆಕ್ಕ ಪಾಠದಲ್ಲಿ ಗೊತ್ತಿದ್ದಿತು. ಕಣ್ಣಿನಿಂದ ಕಂಡುದು ಅಂದೇ. ನಾನು ಒಂದೆರಡು ಫ್ರಾಂಕನ್ನು ಕೊಟ್ಟು ಹತ್ತಿದೆನು. ದೋಣಿಯಲ್ಲಿ ನಾನು, ಒಬ್ಬ ಮುದುಕರು, ಅವರ ಮೊಮ್ಮಗು. ಸದ್ದೇ ಇಲ್ಲ, ಹಲಗೆಗೆ ನೀರು ತಾಗುವ ಸಪ್ಪಳ ಮಾತ್ರ. ಹಗ್ಗವು ದೋಣಿಯನ್ನು ಕಟ್ಟಿಹಾಕಿದೆಯೆಂದು ದಡದಲ್ಲಿ ನಿಂತವರಿಗೆ ತೋರಬಹುದು. ಆ ಹಗ್ಗವನ್ನು ಬಿಚ್ಚಿದರೆ ದೋಣಿ ಎಲ್ಲಿಗೂ ದಾಟದೆ ಹೊಳೆಯ ಪಾಲಾಗುವುದು. ನಡುನೀರಿನಲ್ಲಿ ಹಿಂದಿರುಗಿ ನೋಡಿದಾಗ ಇಗರ್ಜಿಯ ಬಣ್ಣದ ಹೆಂಚುಗಳು ಬೆಳಗಿನ ಬಿಸಿಲಿನಲ್ಲಿ ಹೊಳೆಯುತ್ತಿದ್ದುವು. ಕೌಂಡಿನ್ಯರು ಕಂಡುದು ಈ ನದಿಯನ್ನೇ ಇರಬೇಕು. ಅವರಿಗೆ ದಂಡೆಯಲ್ಲಿ ನಿಂತು ಮನೆಯವರ ದನಿಯನ್ನು ಕೇಳುವ ಭಾಗ್ಯವಿರಲಿಲ್ಲ.

ಆಚೆಯ ದಡದಲ್ಲಿ ಒಂದು ಕಾಫಿಯ ಅಂಗಡಿ ತೆರೆದಿದ್ದಿತು. ಕಿಟಕಿಯ ಪಕ್ಕದಲ್ಲಿ ಕುಳಿತು ಒಂದು ಬಟ್ಟಲು ಕಾಫಿಯನ್ನು ತರಿಸಿಕೊಂಡೆನು. ಸತ್ಯವನ್ನು ಹೇಳಬೇಕಾದರೆ, ಅದು ನಮ್ಮ ಮನೆಯ ಕಾಫಿಯಷ್ಟು ಚೆನ್ನಾಗಿರಲಿಲ್ಲ. ಕಹಿ ಹೆಚ್ಚು, ಹಾಲು ಕಡಿಮೆ. ಆದರೆ ಕೊನೆಯ ಗುಟುಕಿನವರೆಗೆ ಬಿಡದೆ ಕುಡಿದೆನು. ಮಧ್ಯಾಹ್ನದವರೆಗೆ ಬೀದಿ ಬೀದಿಗಳನ್ನು ಸುತ್ತಿ, ಹಳೆಯ ಸೇತುವೆಯ ಮೇಲೆ ನಿಂತು, ಇನ್ನೊಮ್ಮೆ ವಾರದ ದಿನ ಮೊದಲೇ ಬರೆದು ತಿಳಿಸಿ ಕಾಗದಗಳ ಭಂಡಾರಕ್ಕೆ ಬರಬೇಕೆಂದು ನಿಶ್ಚಯಿಸಿ, ಸಂಜೆಯ ರೈಲನ್ನು ಹಿಡಿದೆನು.

ರೈಲಿನಲ್ಲಿ ಕುಳಿತಾಗ ತಂದೆಯವರಿಂದ ಒಂದು ಚಿತ್ರ ಬಂದಿತು. ಅಟ್ಟಕ್ಕೆ ಹತ್ತಿ, ಟಾರ್ಚು ಹಿಡಿದು, ಹೆಂಚಿನ ಒಳಮೈಯನ್ನು ತೆಗೆದಿದ್ದರು. ಜೇಡರ ಬಲೆಯ ಮರೆಯಲ್ಲಿ ಅಕ್ಷರಗಳು ಇನ್ನೂ ಸ್ಪಷ್ಟವಾಗಿದ್ದುವು. ಚಿತ್ರದ ಕೆಳಗಡೆಯ ಅಂಚಿನಲ್ಲಿ ಹೊಸದಾಗಿ ಏರಿಸಿದ ಕಾಯಿಗಳ ತಲೆಗಳು ಕಾಣುತ್ತಿದ್ದುವು.

ಆ ಮೇಲೆ ಲೆಕ್ಕದ ಪುಸ್ತಕವನ್ನು ತೆಗೆದೆನು. ಖರ್ಚು ಬರೆಯುವ ಅಭ್ಯಾಸ ಒಳ್ಳೆಯದೇ. ಅದನ್ನು ಬಿಡಬೇಕೆಂದು ತಂದೆಯವರೂ ಹೇಳಲಿಲ್ಲ. ಎಡಗಡೆ ‘ಕಾಫಿ, 5 ಫ್ರಾಂಕು’ ಎಂದು ಬರೆದೆನು. ಬಲಗಡೆಯ ಜಾಗವನ್ನು ಖಾಲಿಯಾಗಿಯೇ ಬಿಟ್ಟೆನು.